ಚರಕನ ಸ್ಥೌಲ್ಯಪ್ರಕರಣವೂ ಮಸ್ತಿಷ್ಕದ ಸಂದೇಶಗಳೂ

೧. ವಿಷಯ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತೊಂದನೆಯದು ಅಷ್ಟೌನಿಂದಿತೀಯಾಧ್ಯಾಯ. ಶರೀರದ ದೃಷ್ಟಿಯಿಂದ ನಿಂದಿತರೆನಿಸಿದ ಎಂಟು ಬಗೆಯ ಪುರುಷರನ್ನು ಮೊದಲಲ್ಲಿ ಎಣಿಸಿ, ಅವರೊಳಗೆ ಅತಿಸ್ಥೂಲ, ಅತಿಕೃಶ ಎಂಬಿಬ್ಬರನ್ನು ಈ ಅಧ್ಯಾಯವು ವಿಶೇಷವಾಗಿ ವಿಚಾರಿಸುತ್ತದೆ. ಸ್ಥೌಲ್ಯವು ಯಾವ ಕಾರಣಗಳಿಂದ ಹುಟ್ಟುತ್ತದೆ, ಅದರಿಂದೊದಗುವ ದೋಷಗಳೆಷ್ಟು, ಅದಕ್ಕೆ ಚಿಕಿತ್ಸೆ ಯಾವ ಮಾರ್ಗದ್ದು ಎಂಬ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವುಂಟು. ಮಾಧವನಿದಾನದ ಮೇದೋರೋಗಪ್ರಕರಣವು ಬಹುಮಟ್ಟಿಗೆ ಇದನ್ನೇ ಅನುಸರಿಸಿದೆ.

ಈ ಅಧ್ಯಾಯವನ್ನು ಈಚೆಗೆ ಎರಡು ಬಗೆಯಾಗಿ ಓದುವುದು ರೂಢಿಗೆ ಬಂದಿದೆ. ದೇಹದ ಭಾರವನ್ನು ಮಸ್ತಿಷ್ಕವು ನಿಯಮಿಸುತ್ತದೆಯೆಂದು ಆಧುನಿಕ ಶರೀರಕ್ರಿಯಾಶಾಸ್ತ್ರವು ಸಾಧಿಸಿರುವುದನ್ನು ಕಂಡು, ಆ ತತ್ತ್ವವೆಲ್ಲವೂ ಚರಕನಲ್ಲಿ ಮೊದಲೇ ಇತ್ತೆಂದು ಹೇಳುವುದು ಒಂದು ಬಗೆ. ಪ್ರಾಚೀನರು ಸ್ಥೂಲನನ್ನು ಹೊಟ್ಟೆಬಾಕನೆಂದು ನಿಂದಿಸಿದರೇ ಹೊರತು ಬೇರೇನನ್ನೂ ಅರಿಯರೆಂದು ಅಧ್ಯಾಯವನ್ನೇ ಬದಿಗಿಡುವುದು ಇನ್ನೊಂದು. ಮೊದಲನೆಯದು ಅತಿಭಕ್ತಿಯಿಂದಲೂ ಎರಡನೆಯದು ಅನಾದರದಿಂದಲೂ ಹುಟ್ಟಿದವು. ಗ್ರಂಥವು ಹೇಳಿದುದೆಷ್ಟು, ಹೇಳದುದೆಷ್ಟು ಎಂಬ ವಿವೇಚನೆಯು ಎರಡರಲ್ಲಿಯೂ ಇಲ್ಲ. ಆ ವಿವೇಚನೆಯು ನಡೆಯಬೇಕಾದರೆ ಆಧುನಿಕ ಸಿದ್ಧಾಂತವು ಯಾವುದೆಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳಬೇಕು.

೨. ಆಧುನಿಕ ಸಿದ್ಧಾಂತದ ಸ್ವರೂಪ

ಉಂಡ ಅನ್ನವನ್ನು ದೇಹವು ಕೂಡಿಡುವುದು, ಕರಗಿಸುವುದು, ಶಾಖವಾಗಿಯೂ ಶ್ರಮವಾಗಿಯೂ ವ್ಯಯಮಾಡುವುದು, ಇವೆಲ್ಲಕ್ಕೂ ಕೂಡಿ ಕನ್ನಡದಲ್ಲಿ ಚಯಾಪಚಯವೆಂಬ ಹೆಸರು ಸಲ್ಲುತ್ತದೆ. ಈ ವ್ಯಾಪಾರದಲ್ಲಿ ಮಸ್ತಿಷ್ಕಕ್ಕೆ ಕೈಯುಂಟೆಂಬ ಸೂಚನೆಯು ಮೊದಲು ದೊರೆತುದು ಫ್ರಾನ್ಸ್ ದೇಶದಲ್ಲಿ. ೧೮೪೯ರಲ್ಲಿ ಕ್ಲಾಡ್ ಬರ್ನಾರ್ಡನು ಮೊಲದ ಮಸ್ತಿಷ್ಕದ ಕೆಳಭಾಗದಲ್ಲಿ ಒಂದು ನಿಯತಸ್ಥಾನವನ್ನು ಸೂಜಿಯಿಂದ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆಯು ತೋರಿತು. ಆಹಾರದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ನರಕೇಂದ್ರವೊಂದು ಕದಡಿದ ಮಾತ್ರಕ್ಕೆ ದೇಹದ ಸಕ್ಕರೆಯ ವ್ಯವಸ್ಥೆಯು ಕೆಟ್ಟಿತು.

ದೇಹಭಾರದ ವಿಷಯದಲ್ಲಿ ನಿರ್ಣಾಯಕವಾದ ಪ್ರಯೋಗಗಳು ನಡೆದುದು ಇಪ್ಪತ್ತನೆಯ ಶತಮಾನದಲ್ಲಿ. ಮಸ್ತಿಷ್ಕದ ತಳದಲ್ಲಿ ಬಾದಾಮಿಯಷ್ಟು ಗಾತ್ರದ ಹೈಪೊಥಾಲಮಸ್ ಎಂಬ ಭಾಗವಿದೆ. ಅದರ ಒಳನಡುವಣ ಪ್ರದೇಶವನ್ನು ಕೆಡಿಸಿದರೆ ಇಲಿಗಳು ಅತಿಯಾಗಿ ಸ್ಥೂಲವಾಗುವುವೆಂದು ೧೯೪೦ರಲ್ಲಿ ಹೆದರಿಂಗ್‌ಟನ್ ಮತ್ತು ರ‍್ಯಾನ್ಸನ್ ಎಂಬವರು ತೋರಿಸಿದರು. ಅದೇ ಭಾಗದ ಪಕ್ಕದ ಪ್ರದೇಶವನ್ನು ಕೆಡಿಸಿದರೆ ಪ್ರಾಣಿಯು ಎದುರಿಗಿಟ್ಟ ಆಹಾರವನ್ನೂ ಮುಟ್ಟದೆ ಸಾಯುವುದೆಂದು ೧೯೫೧ರಲ್ಲಿ ತೋರಿಸಿದವರು ಭಾರತೀಯರಾದ ಬಾಲಕೃಷ್ಣ ಆನಂದ್ ಮತ್ತು ಅಮೆರಿಕಾದ ಬ್ರೋಬೆಕ್. ಆನಂದರು ಮುಂದೆ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಸಿವೂ ತೃಪ್ತಿಯೂ ಹೊಟ್ಟೆಯೊಂದರ ಗುಣಗಳಲ್ಲವೆಂಬುದು ಇವುಗಳಿಂದ ಸಿದ್ಧವಾಯಿತು.

ಆದರೆ ದೇಹದಲ್ಲಿ ಮೇದಸ್ಸು ಎಷ್ಟಿದೆಯೆಂಬುದು ಮಸ್ತಿಷ್ಕಕ್ಕೆ ತಿಳಿಯುವ ಬಗೆ ಹೇಗೆ? ಮೇದಸ್ಸಿನಿಂದಲೇ ಯಾವುದೋ ಸೂಚನೆಯು ಮಸ್ತಿಷ್ಕವನ್ನು ಮುಟ್ಟುತ್ತಿರಬೇಕೆಂದು ೧೯೫೩ರಲ್ಲಿ ಕೆನಡಿ ಎಂಬವನು ಊಹಿಸಿದನು. ಈ ಊಹೆಗೆ ಬಲ ಬಂದುದು ಅಮೆರಿಕಾದ ಜ್ಯಾಕ್ಸನ್ ಪ್ರಯೋಗಶಾಲೆಯ ಇಲಿಗಳಿಂದ. ಅಲ್ಲಿ ೧೯೪೯ರಲ್ಲಿ ಹುಟ್ಟಿನಿಂದಲೇ ಅತಿಸ್ಥೂಲವಾಗುವ ಒಂದು ಇಲಿವಂಶವು ಕಂಡುಬಂದಿತ್ತು. ಅದೇ ಲಕ್ಷಣದ ಇನ್ನೊಂದು ವಂಶವು ೧೯೬೬ರಲ್ಲಿ ಗೋಚರಕ್ಕೆ ಬಂದಿತು. ಡಗ್ಲಸ್ ಕೋಲ್ಮನ್ ಎಂಬ ವಿದ್ವಾಂಸನು ಇಲಿಗಳನ್ನು ಜೋಡಿಜೋಡಿಯಾಗಿ ಹೊಲಿದು ಒಂದರ ರಕ್ತವು ಇನ್ನೊಂದಕ್ಕೆ ಹರಿಯುವಂತೆ ಮಾಡಿದನು. ಮೊದಲ ವಂಶದ ಇಲಿಯು ಸಾಮಾನ್ಯವಾದ ಇಲಿಯೊಡನೆ ಕೂಡಿದಾಗ ಕಡಮೆ ತಿಂದು ಇಳಿಯಿತು. ಎರಡನೆಯ ವಂಶದ ಇಲಿಯೊಡನೆ ಕೂಡಿದಾಗ ತಿನ್ನುವುದನ್ನೇ ಬಿಟ್ಟು ಸತ್ತಿತು. ಎರಡನೆಯದು ಮಾತ್ರ ಸ್ಥೂಲವಾಗಿಯೇ ಉಳಿಯಿತು. ಮೊದಲ ವಂಶಕ್ಕೆ ಸಂದೇಶವನ್ನು ಕಳುಹಿಸುವ ಶಕ್ತಿಯಿಲ್ಲ, ಆದರೆ ಕೇಳುವ ಶಕ್ತಿಯುಂಟು; ಎರಡನೆಯದಕ್ಕೆ ಸಂದೇಶವು ಹೇರಳವಾಗಿದೆ, ಆದರೆ ಕೇಳುವ ಕಿವಿಯಿಲ್ಲ. ಕೋಲ್ಮನ್ನನು ೧೯೭೩ರ ವೇಳೆಗೆ ಮಾಡಿದ್ದ ಈ ಅನುಮಾನವು ೧೯೯೪ರಲ್ಲಿ ಪ್ರತ್ಯಕ್ಷವಾಯಿತು. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಆತನ ಸಂಗಡಿಗರು ಮೊದಲ ವಂಶದಲ್ಲಿ ಕೆಟ್ಟಿದ್ದ ಜೀನನ್ನು ಗುರುತಿಸಿದರು. ಮೇದಸ್ಸಿನ ಕಣಗಳು ಆ ಜೀನಿನ ಬಲದಿಂದ ರಕ್ತಕ್ಕೆ ಬಿಡುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಮರುವರ್ಷವೇ ಅದನ್ನು ಗ್ರಹಿಸುವ ಗ್ರಾಹಕವೂ ದೊರೆಯಿತು.

ಈಗಿನ ಸಿದ್ಧಾಂತದ ಸಾರವಿಷ್ಟು. ಮೇದಸ್ಸು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ. ಅದು ಹೈಪೊಥಾಲಮಸ್ಸಿನಲ್ಲಿ ಹಸಿವನ್ನು ತಗ್ಗಿಸುವ ನರಕೋಶಗಳನ್ನು ಎಚ್ಚರಿಸಿ, ಹಸಿವನ್ನು ಏರಿಸುವ ನರಕೋಶಗಳನ್ನು ಅಡಗಿಸುತ್ತದೆ. ಮೇದಸ್ಸು ಕರಗಿದಾಗ ಲೆಪ್ಟಿನ್ ಕುಗ್ಗುತ್ತದೆ. ಆಗ ಹಸಿವು ಏರುವುದಷ್ಟೇ ಅಲ್ಲ, ಥೈರಾಯ್ಡ್ ಗ್ರಂಥಿಯ ಮೂಲಕವೂ ನರಗಳ ಮೂಲಕವೂ ಮಸ್ತಿಷ್ಕವು ದೇಹದ ವ್ಯಯವನ್ನೇ ತಗ್ಗಿಸುತ್ತದೆ. ಜಠರದಿಂದ ಹಸಿವನ್ನೇರಿಸುವ ಗ್ರೆಲಿನ್, ಕರುಳಿನಿಂದ ತೃಪ್ತಿಯನ್ನು ಸೂಚಿಸುವ ಬೇರೆ ಹಾರ್ಮೋನುಗಳು ಇದರೊಡನೆ ಸೇರುತ್ತವೆ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ೧೯೪೪–೪೫ರಲ್ಲಿ ಆನ್ಸೆಲ್ ಕೀಸ್ ಎಂಬವನು ೩೬ ಮಂದಿ ಆರೋಗ್ಯವಂತ ತರುಣರನ್ನು ೨೪ ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ನೋಡಿದಾಗ, ಅವರ ದೇಹಭಾರದಲ್ಲಿ ಸುಮಾರು ಕಾಲುಭಾಗವು ಇಳಿಯಿತು. ಜೊತೆಗೆ ದೇಹದ ವ್ಯಯವೂ ಬಹಳವಾಗಿ ಕುಗ್ಗಿತು, ಅವರ ಚಿಂತೆಯೆಲ್ಲವೂ ಅನ್ನದಲ್ಲಿಯೇ ನೆಟ್ಟಿತು. ಸ್ವಇಚ್ಛೆಯಿಂದ ಉಪವಾಸಕ್ಕೆ ಒಪ್ಪಿದವರಲ್ಲಿಯೂ ಇಚ್ಛೆಗೆ ಒಳಪಡದ ಒಂದು ಶಕ್ತಿಯು ಎದುರುನಿಂತಿತೆಂಬುದು ಇದರ ತಾತ್ಪರ್ಯ.

೩. ಪೂರ್ವಪಕ್ಷ

ಚರಕನಲ್ಲಿ ಇದೆಲ್ಲವೂ ಉಂಟೆನ್ನುವವರ ವಾದವನ್ನು ಅದರ ಪೂರ್ಣಬಲದಲ್ಲಿಯೇ ಹೇಳುವುದು ನ್ಯಾಯ. ಸ್ಥೂಲನಲ್ಲಿ ಮೇದಸ್ಸು ಸ್ರೋತಸ್ಸುಗಳ ಮಾರ್ಗವನ್ನು ಮುಚ್ಚುವುದರಿಂದ ವಾಯುವು ಕೋಷ್ಠದಲ್ಲಿಯೇ ಹೆಚ್ಚಾಗಿ ಸಂಚರಿಸಿ ಅಗ್ನಿಯನ್ನು ಉರಿಸುತ್ತದೆ. ಆದುದರಿಂದ ಅವನು ಉಂಡುದನ್ನು ಬೇಗ ಜೀರ್ಣಿಸಿ ಮತ್ತೆ ಆಹಾರವನ್ನು ಅತಿಯಾಗಿ ಬಯಸುತ್ತಾನೆಂದು ಚರಕನು ಹೇಳುತ್ತಾನೆ. ವಾತಕಲಾಕಲೀಯಾಧ್ಯಾಯದಲ್ಲಿ ವಾಯುವು ಮನಸ್ಸಿಗೆ ನಿಯಾಮಕ, ಅಗ್ನಿಗೆ ಪ್ರೇರಕ ಎಂದಿದೆ. ಆದುದರಿಂದ ವಾಯುವೆಂದರೆ ನರಸಂದೇಶ, ಅಗ್ನಿಯೆಂದರೆ ಚಯಾಪಚಯ. ಮೇದಸ್ಸು ವಾಯುವಿನ ಮೂಲಕ ಅಗ್ನಿಯ ಮೇಲೆ ವರ್ತಿಸುವುದೆಂಬ ಮಾತು ಲೆಪ್ಟಿನ್ನಿನ ವೃತ್ತಾಂತವೇ ಎಂಬುದು ಅವರ ಪಕ್ಷ.

ಈ ವಾದಕ್ಕೆ ಆಧಾರವಾದ ಪಠ್ಯಗಳು ನಿಜವಾಗಿಯೂ ಗ್ರಂಥದಲ್ಲಿವೆ, ಕಲ್ಪಿತವಲ್ಲ. ವಿಚಾರಿಸಬೇಕಾದುದು ಪಠ್ಯವನ್ನಲ್ಲ, ಪಠ್ಯದಿಂದ ಸಿದ್ಧಾಂತಕ್ಕೆ ಹಾರಿದ ಹಾರಿಕೆಯನ್ನು.

೪. ಪರೀಕ್ಷೆ

ಮೊದಲನೆಯದಾಗಿ ಶಬ್ದಾರ್ಥ. ಚಿಕಿತ್ಸಾಸ್ಥಾನದ ಗ್ರಹಣೀಪ್ರಕರಣದಲ್ಲಿ ಜಾಠರಾಗ್ನಿ ಒಂದು, ಭೂತಾಗ್ನಿಗಳು ೫, ಧಾತ್ವಗ್ನಿಗಳು ೭, ಹೀಗೆ ಒಟ್ಟು ೧೩ ಅಗ್ನಿಗಳು ಗಣಿತವಾಗಿವೆ. ಚಯಾಪಚಯವೆಂಬ ಶಬ್ದದ ಅರ್ಥವು ಧಾತ್ವಗ್ನಿಯ ಕಾರ್ಯಕ್ಕೆ ಸ್ವಲ್ಪಮಟ್ಟಿಗೆ ಹೊಂದಬಹುದು. ಆದರೆ ಸ್ಥೌಲ್ಯಪ್ರಕರಣದಲ್ಲಿ ವಾಯುವಿನಿಂದ ಉರಿಯುವ ಅಗ್ನಿಯು ಕೋಷ್ಠದಲ್ಲಿರುವುದು, ಉಂಡುದನ್ನು ಬೇಗ ಅರಗಿಸುವುದು, ಎಂದರೆ ಜಾಠರಾಗ್ನಿ. ಒಂದು ಕಡೆಯ ಅಗ್ನಿಯ ಅರ್ಥವನ್ನು ಇನ್ನೊಂದು ಕಡೆಯ ಅಗ್ನಿಗೆ ಕಟ್ಟಿ ಸಮೀಕರಣವನ್ನು ಪೂರ್ಣಮಾಡುವುದು ಪ್ರಕರಣವಿರುದ್ಧ. ಯಾವ ಶಬ್ದಕ್ಕಾದರೂ ಅರ್ಥವನ್ನು ಪ್ರಕರಣವು ನಿರ್ಣಯಿಸಬೇಕೆಂಬ ನಿಯಮವು ಮೀಮಾಂಸಕರಿಗೂ ಆಲಂಕಾರಿಕರಿಗೂ ಸಮಾನವಾದುದು. ವೈದ್ಯಗ್ರಂಥಕ್ಕೆ ಮಾತ್ರ ಅದನ್ನು ಸಡಿಲಿಸಲು ಕಾರಣವಿಲ್ಲ.

ಎರಡನೆಯದಾಗಿ ಸ್ಥಾನ. ಶಿರಸ್ಸು ಉತ್ತಮಾಂಗವೆಂದೂ ಪ್ರಾಣಗಳಿಗೂ ಇಂದ್ರಿಯಗಳಿಗೂ ಆಶ್ರಯವೆಂದೂ ಚರಕನು ಹೇಳಿರುವುದು ದಿಟ. ಭೇಲಸಂಹಿತೆಯಾದರೋ ಮನಸ್ಸಿಗೇ ಶಿರಸ್ಸು ಮತ್ತು ತಾಲುವಿನ ನಡುವೆ ಸ್ಥಾನವನ್ನು ಕೊಡುತ್ತದೆ. ಆದರೆ ಚರಕನು ಚೇತನೆಯನ್ನು ಹೃದಯದಲ್ಲಿರಿಸಿದನು. ಸ್ಥೌಲ್ಯವನ್ನು ವಿವರಿಸುವಲ್ಲಿ ಶಿರಸ್ಸಿನ ಹೆಸರನ್ನೇ ಎತ್ತಲಿಲ್ಲ. ಅವನು ಕಂಡ ವ್ಯಾಪಾರವೆಲ್ಲವೂ ಮೇದಸ್ಸು, ಸ್ರೋತಸ್ಸು, ಕೋಷ್ಠ ಇವುಗಳೊಳಗೆ ಮುಗಿಯುತ್ತದೆ. ಮಸ್ತಿಷ್ಕವು ಹಸಿವನ್ನು ನಿಯಮಿಸುತ್ತದೆಂಬ ವಾಕ್ಯವನ್ನು ಅಲ್ಲಿ ಕಾಣುವವರು ತಾವೇ ತಂದುದನ್ನು ಅಲ್ಲಿಟ್ಟು ಕಾಣುತ್ತಾರೆ.

ಮೂರನೆಯದು ದಿಕ್ಕು, ಇದೇ ಮುಖ್ಯವಾದುದು. ಚರಕನ ಮತದಲ್ಲಿ ಮೇದಸ್ಸು ಹೆಚ್ಚಿದಷ್ಟೂ ಹಸಿವು ಹೆಚ್ಚುತ್ತದೆ, ಹಸಿವು ಹೆಚ್ಚಿದಷ್ಟೂ ಮೇದಸ್ಸು ಬೆಳೆಯುತ್ತದೆ. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಚಕ್ರ. ಅವನು ಕೊಟ್ಟ ದೃಷ್ಟಾಂತವೂ ಕಾಡನ್ನು ಸುಡುವ ಕಾಡುಗಿಚ್ಚಿನದು. ಲೆಪ್ಟಿನ್ನಿನ ಸಿದ್ಧಾಂತದಲ್ಲಿ ಸ್ವಸ್ಥನಾದವನ ಮೇದಸ್ಸು ಹೆಚ್ಚಿದರೆ ಹಸಿವು ತಗ್ಗಬೇಕು, ಕುಗ್ಗಿದರೆ ಏರಬೇಕು. ಇದು ತಕ್ಕಡಿಯಂತೆ ತನ್ನನ್ನು ತಾನೇ ಸಮಕ್ಕೆ ತರುವ ವ್ಯವಸ್ಥೆ. ಒಂದು ಬೆಳೆಸುವುದು, ಒಂದು ತಡೆಯುವುದು. ದೇಹವು ತನ್ನ ಭಾರವನ್ನು ಒಂದು ಮಟ್ಟದಲ್ಲಿ ಕಾಯುತ್ತದೆಂಬ ಭಾವನೆಯೇ ಆಧುನಿಕ ಸಿದ್ಧಾಂತದ ಹೃದಯ. ಆ ಭಾವನೆಯು ಅಷ್ಟೌನಿಂದಿತೀಯದಲ್ಲಿ ಇಲ್ಲ. ಮೇದಸ್ಸಿಗೂ ಹಸಿವಿಗೂ ಸಂಬಂಧವನ್ನು ಹೇಳಿದನೆಂದ ಮಾತ್ರಕ್ಕೆ ಇಬ್ಬರ ಮತವೂ ಒಂದೇ ಎನ್ನುವುದು, ಪೂರ್ವಕ್ಕೆ ಹೋದವನೂ ಪಶ್ಚಿಮಕ್ಕೆ ಹೋದವನೂ ಒಂದೇ ದಾರಿಯಲ್ಲಿ ನಡೆದರೆಂದಂತೆ.

ಅತಿಸ್ಥೂಲರಲ್ಲಿ ಬಹುಮಂದಿಗೆ ಲೆಪ್ಟಿನ್ ಕಡಮೆಯಿಲ್ಲ, ಹೆಚ್ಚಾಗಿಯೇ ಇದೆ, ಆದರೂ ಹಸಿವು ಅದಕ್ಕೆ ತಕ್ಕಂತೆ ಅಡಗುವುದಿಲ್ಲ ಎಂಬುದು ೧೯೯೬ರಿಂದೀಚೆಗೆ ತಿಳಿದ ಸಂಗತಿ. ಇಲ್ಲಿಯಾದರೂ ಸ್ರೋತೋರೋಧವು ಸಿದ್ಧಿಸಿತಲ್ಲವೆ ಎಂದು ಪೂರ್ವಪಕ್ಷಿಯು ಕೇಳಬಹುದು. ಸಿದ್ಧಿಸಲಿಲ್ಲ. ಚರಕನಲ್ಲಿ ಮುಚ್ಚಿದುದು ವಾಯುವಿನ ಮಾರ್ಗ, ಅದರ ಫಲ ಅಗ್ನಿಯ ಉದ್ದೀಪನ. ಇಲ್ಲಿ ಮಂದವಾದುದು ಸಂದೇಶವನ್ನು ಗ್ರಹಿಸುವ ಶಕ್ತಿ, ಅದರ ಫಲ ತೃಪ್ತಿಯ ಅಭಾವ. ತಡೆಯೆಂಬ ಶಬ್ದವು ಎರಡು ಕಡೆಯೂ ಬಂದುದರಿಂದ ಪದಾರ್ಥವು ಒಂದಾಗಲಾರದು.

೫. ಗ್ರಂಥದ ನಿಜವಾದ ಗುಣ

ಸಮೀಕರಣವು ಬಿದ್ದುಹೋದರೆ ಚರಕನಿಗೆ ಕುಂದೇನೂ ಇಲ್ಲ. ಅವನ ನಿಜವಾದ ಗುಣವು ಆಗಲೇ ಕಾಣುತ್ತದೆ. ಈ ಅಧ್ಯಾಯವನ್ನು ನಿಂದಾಪ್ರಕರಣವೆಂದು ಬದಿಗಿಡುವವರು ಇದನ್ನು ಗಮನಿಸಬೇಕು.

ನಿಂದಿತರ ಪಟ್ಟಿಯನ್ನೇ ನೋಡಲಿ. ಅತಿದೀರ್ಘ, ಅತಿಹ್ರಸ್ವ, ಅತಿಲೋಮ, ಅಲೋಮ, ಅತಿಕೃಷ್ಣ, ಅತಿಗೌರ, ಅತಿಸ್ಥೂಲ, ಅತಿಕೃಶ ಎಂದು ಎಂಟು. ಇವರಲ್ಲಿ ಮೊದಲಿನ ಆರು ಮಂದಿಯ ಲಕ್ಷಣವು ಅವರ ನಡತೆಯಿಂದ ಬಂದುದಲ್ಲ. ಎತ್ತರವನ್ನಾಗಲಿ ಬಣ್ಣವನ್ನಾಗಲಿ ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಅಂಥವರೊಡನೆ ಎಣಿಸಿದ ಮೇಲೆ ನಿಂದಿತಶಬ್ದಕ್ಕೆ ಇಲ್ಲಿ ಶೀಲದೂಷಣೆಯ ಅರ್ಥವು ಕೂಡುವುದಿಲ್ಲ. ಲೋಕದಲ್ಲಿ ಕುರೂಪವೆಂದು ಎಣಿಸಲ್ಪಡುವ ಶರೀರವೆಂಬುದೇ ಅರ್ಥ. ಆ ಎಣಿಕೆಯು ಇಂದಿನವರಿಗೆ ಒಪ್ಪಿಗೆಯಾಗಬೇಕಾದುದಿಲ್ಲ; ಆದರೆ ಅದು ಪಾಪದ ಪಟ್ಟಿಯಲ್ಲ.

ಸ್ಥೌಲ್ಯಕಾರಣಗಳಲ್ಲಿ ಅತಿಭೋಜನ, ಗುರುಮಧುರಾದಿಗಳ ಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ನಿಶ್ಚಿಂತೆ ಮೊದಲಾದವುಗಳನ್ನು ಹೇಳಿ, ಕೊನೆಗೆ ಬೀಜಸ್ವಭಾವವನ್ನೂ ಚರಕನು ಸೇರಿಸಿದ್ದಾನೆ. ತಂದೆತಾಯಿಗಳಿಂದ ಬಂದ ಬೀಜದ ಸ್ವಭಾವದಿಂದಲೇ ಸ್ಥೌಲ್ಯವು ಬರಬಹುದೆಂಬ ಈ ಒಂದು ಪದವು ಉಳಿದ ಕಾರಣಗಳ ನಡುವೆ ಸುಲಭವಾಗಿ ಕಣ್ಣುತಪ್ಪುತ್ತದೆ. ೧೯೮೬ರಲ್ಲಿ ಸ್ಟಂಕರ್ಡ್ ಮೊದಲಾದವರು ಡೆನ್ಮಾರ್ಕಿನಲ್ಲಿ ದತ್ತುಹೋದ ೫೪೦ ಮಂದಿಯ ದೇಹಭಾರವನ್ನು ಪರೀಕ್ಷಿಸಿದಾಗ, ಅದು ಸಾಕಿದವರ ದೇಹಭಾರವನ್ನು ಹೋಲದೆ ಹೆತ್ತವರದನ್ನು ಹೋಲುತ್ತಿತ್ತು. ಇನ್ನೂ ತೀವ್ರವಾದ ನಿದರ್ಶನವು ೧೯೯೭ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಪ್ರಕಟವಾಯಿತು. ಹತ್ತಿರದ ಬಂಧುಗಳಾದ ಇಬ್ಬರು ಮಕ್ಕಳಲ್ಲಿ ಎಂಟು ವರ್ಷದವಳ ಭಾರವು ೮೬ ಕಿಲೋಗ್ರಾಂ, ಎರಡು ವರ್ಷದವನದು ೨೯. ಇಬ್ಬರಲ್ಲಿಯೂ ಲೆಪ್ಟಿನ್ನಿನ ಜೀನು ಕೆಟ್ಟಿತ್ತು. ಅವರ ಹಸಿವಿಗೆ ಮಿತಿಯೆಂಬುದೇ ಇರಲಿಲ್ಲ. ಹುಡುಗಿಗೆ ಲೆಪ್ಟಿನ್ನನ್ನು ಚುಚ್ಚಿ ಕೊಡತೊಡಗಿದ ಮೇಲೆ ಒಂದು ವರ್ಷದಲ್ಲಿ ಸುಮಾರು ೧೬ ಕಿಲೋಗ್ರಾಂ ಇಳಿಯಿತೆಂದು ೧೯೯೯ರ ವರದಿಯು ತಿಳಿಸುತ್ತದೆ. ಅಂಥ ಮಗುವನ್ನು ಹೊಟ್ಟೆಬಾಕಿಯೆಂದು ಗದರಿಸುವುದರಲ್ಲಿ ನ್ಯಾಯವೆಲ್ಲಿದೆ? ಚರಕನ ಬೀಜಶಬ್ದಕ್ಕೆ ಜೀನೆಂದು ಅರ್ಥಹೇಳಬೇಕಾದುದಿಲ್ಲ. ದೋಷವೆಲ್ಲವನ್ನೂ ರೋಗಿಯ ನಡತೆಯ ಮೇಲೆ ಹೊರಿಸದೆ ಒಂದು ಬಾಗಿಲನ್ನು ತೆರೆದಿಟ್ಟನೆಂಬುದೇ ಸಾಕು.

ಹಸಿವಿನ ವಿಷಯದಲ್ಲಿಯೂ ಅವನ ನೋಟವು ಸೂಕ್ಷ್ಮ. ಅತಿಕ್ಷುಧೆಯನ್ನು ಅವನು ಸ್ಥೌಲ್ಯದ ಎಂಟು ದೋಷಗಳೊಳಗೆ, ಎಂದರೆ ಫಲಗಳೊಳಗೆ ಎಣಿಸಿದ್ದಾನೆ. ಸ್ಥೂಲನು ಹೆಚ್ಚು ತಿಂದುದರಿಂದ ಸ್ಥೂಲನಾದನೆಂಬಷ್ಟಕ್ಕೆ ನಿಲ್ಲದೆ, ಸ್ಥೂಲನಾದುದರಿಂದ ಹೆಚ್ಚು ಹಸಿಯುತ್ತಾನೆಂದೂ ಹೇಳಿದನು. ಕಾರಣದ ವಿವರಣೆಯು ಇಂದು ನಿಲ್ಲದಿದ್ದರೂ ರೋಗಿಯನ್ನು ಕಂಡ ಕಣ್ಣು ನಿಲ್ಲುತ್ತದೆ. ಚಿಕಿತ್ಸೆಯಲ್ಲಿಯೂ ಕೇವಲ ಉಪವಾಸವನ್ನು ವಿಧಿಸದೆ, ಗುರುವೂ ಅಪತರ್ಪಣವೂ ಆದ ಆಹಾರವನ್ನು ಹೇಳಿದನು: ಅಗ್ನಿಯನ್ನು ಶಮನಗೊಳಿಸಲು ಗುರುವಾಗಿರಬೇಕು, ಮೇದಸ್ಸನ್ನು ಬೆಳೆಸದಂತೆ ಅಪತರ್ಪಣವಾಗಿರಬೇಕು. ಹಸಿವನ್ನು ತಣಿಸದೆ ಭಾರವನ್ನಿಳಿಸುವುದು ಆಗದೆಂಬ ಅರಿವು ಇದರಲ್ಲಿ ಅಡಗಿದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇನ್ನೂ ಮುಂದುವರಿದು, ಬೃಂಹಣವಾಗಲಿ ಲಂಘನವಾಗಲಿ ಅತಿಯಾದ ಮೇದಸ್ಸು, ಅಗ್ನಿ, ವಾತ ಮೂರನ್ನೂ ಗೆಲ್ಲಲಾರದಾದುದರಿಂದ ಸ್ಥೂಲನಿಗೆ ಔಷಧವೇ ಇಲ್ಲವೆಂದನು. ಮಸ್ತಿಷ್ಕದ ಮೇಲೆ ವರ್ತಿಸಿ ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್ ಎಂಬ ಔಷಧಕ್ಕೆ ದೇಹಭಾರವನ್ನಿಳಿಸಲು ಅಮೆರಿಕಾದಲ್ಲಿ ೨೦೨೧ರಲ್ಲಿ ಅನುಮತಿಯು ದೊರೆತ ಮೇಲೆ ಆ ಮಾತನ್ನು ಹಾಗೆಯೇ ಹೇಳುವಂತಿಲ್ಲ. ಆದರೆ ಔಷಧವನ್ನು ನಿಲ್ಲಿಸಿದರೆ ಇಳಿದ ಭಾರದ ಬಹುಭಾಗವು ಒಂದು ವರ್ಷದೊಳಗೆ ಮರಳುತ್ತದೆಂಬುದನ್ನು ಕಂಡರೆ, ವಾಗ್ಭಟನ ನಿರಾಶೆಯು ಅನುಭವದಿಂದ ಬಂದುದೆಂದು ತಿಳಿಯುತ್ತದೆ.

೬. ಕಾವ್ಯಗಳಲ್ಲಿ ಹಸಿವು

ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಚಾರವು ಹೊರಗಿನದಲ್ಲ. ಸಂಸ್ಕೃತನಾಟಕಗಳ ವಿದೂಷಕನ ಮೋದಕಪ್ರೀತಿಯು ಹಾಸ್ಯಕ್ಕೆ ವಿಷಯ. ಅಲ್ಲಿ ಹಸಿವು ಚಾಪಲ್ಯವೆಂದೇ ಗಣಿತ. ಭೀಮನ ಹಸಿವಿನ ಮಾತು ಬೇರೆ. ಏಕಚಕ್ರದಲ್ಲಿ ತಂದ ಭಿಕ್ಷೆಯಲ್ಲಿ ಅರ್ಧವನ್ನು ಕುಂತಿಯು ಅವನೊಬ್ಬನಿಗೇ ಬಡಿಸುತ್ತಿದ್ದಳು, ಉಳಿದರ್ಧದಲ್ಲಿ ಮಿಕ್ಕವರೆಲ್ಲರೂ. ಅದನ್ನು ಯಾರೂ ತಪ್ಪೆಂದೆಣಿಸಲಿಲ್ಲ. ಅವನ ಜಠರದಲ್ಲಿ ವೃಕವೆಂಬ ತೀಕ್ಷ್ಣಾಗ್ನಿಯಿರುವುದರಿಂದ ವೃಕೋದರನೆಂಬ ಹೆಸರು ಬಂದಿತೆಂದು ಪುರಾಣಗಳು ಹೇಳುತ್ತವೆ. ಎಲ್ಲ ಏಕಾದಶಿಗಳನ್ನೂ ಆಚರಿಸಲಾರದ ಅವನಿಗಾಗಿಯೇ ಜ್ಯೇಷ್ಠಶುದ್ಧದ ನಿರ್ಜಲೈಕಾದಶಿಯೊಂದನ್ನು ವಿಧಿಸಿದ ಕಥೆಯುಂಟು. ಹಸಿವು ಇಚ್ಛೆಗೆ ಒಳಪಟ್ಟುದಲ್ಲವೆಂಬುದನ್ನು ಧರ್ಮಶಾಸನವೇ ಒಪ್ಪಿ ವಿನಾಯಿತಿಯನ್ನು ಕೊಟ್ಟಂತಾಯಿತು. ಅದೇ ಭೀಮನನ್ನು ದ್ರೋಣಪರ್ವದಲ್ಲಿ ಕರ್ಣನು ಔದರಿಕನೆಂದು ಮತ್ತೆ ಮತ್ತೆ ಹೀಯಾಳಿಸುತ್ತಾನೆ. ಒಂದೇ ಹಸಿವು ತಾಯಿಗೆ ಮಗನ ಸ್ವಭಾವ, ಶತ್ರುವಿಗೆ ಬೈಗುಳ. ಭೀಮನು ಸ್ಥೂಲರೋಗಿಯಲ್ಲ, ಅವನ ಕಥೆಯಿಂದ ಸ್ಥೌಲ್ಯದ ಶಾಸ್ತ್ರವನ್ನು ತೆಗೆಯುವುದೂ ಸಲ್ಲದು. ಆದರೆ ಹಸಿವನ್ನು ಕುರಿತ ನಿಂದೆಯು ಎಲ್ಲಿಂದ ಹುಟ್ಟುತ್ತದೆಂಬುದನ್ನು ಕವಿಯು ಅರಿತಿದ್ದನೆಂದು ಇದರಿಂದ ತಿಳಿಯಬಹುದು. ಕುಮಾರವ್ಯಾಸನ ಬಕವಧೆಯಲ್ಲಿ ಬಂಡಿಯ ಅನ್ನವನ್ನುಣ್ಣುವ ಭೀಮನನ್ನು ಪಾಠಹೇಳುವಾಗ ವಿದ್ಯಾರ್ಥಿಗಳ ನಗು ವಿದೂಷಕನ ಕಡೆಗೆ ಹೊರಳದಂತೆ ನೋಡಿಕೊಳ್ಳಬೇಕಾದುದು ಅಧ್ಯಾಪಕನ ಕೆಲಸ.

೭. ಪರಿಭಾಷೆ

ಕೊನೆಯದಾಗಿ ಶಬ್ದಗಳ ಮಾತು. ಕೋಶಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ಅಗ್ನಿಗೆ ಚಯಾಪಚಯವೆಂದಾಗಲಿ, ಚಯಾಪಚಯಕ್ಕೆ ಅಗ್ನಿಯೆಂದಾಗಲಿ ಅರ್ಥಬರೆಯುವುದು ಎರಡು ಶಾಸ್ತ್ರಗಳಿಗೂ ಅಪಚಾರ. ಚಯವೂ ಅಪಚಯವೂ ಕೂಡಿದ ಆ ಸಮಾಸವು ಕೂಡಿಡುವುದನ್ನೂ ಕರಗಿಸುವುದನ್ನೂ ಸಮವಾಗಿ ಹೇಳುತ್ತದೆ. ಅಗ್ನಿಯು ಪಚನವೊಂದನ್ನೇ ಮುಂದುಮಾಡುತ್ತದೆ. ಹಾಗೆಯೇ, ಮಸ್ತಿಷ್ಕವು ರಾಜನಂತೆ ಆಜ್ಞಾಪಿಸುತ್ತದೆ, ದೇಹವು ಸೇವಕನಂತೆ ನಡೆಯುತ್ತದೆ ಎಂಬ ರೂಪಕವೂ ವಿಜ್ಞಾನಲೇಖನಗಳಲ್ಲಿ ಸುಲಭವಾಗಿ ನುಸುಳುತ್ತದೆ. ಕೋಲ್ಮನ್ನನ ಇಲಿಗಳು ತೋರಿಸಿದುದು ಬೇರೆ. ಅಲ್ಲಿ ಮೊದಲು ಮಾತನಾಡುವುದು ಮೇದಸ್ಸು. ಮಸ್ತಿಷ್ಕವು ಕೇಳಿ ಉತ್ತರಕೊಡುತ್ತದೆ. ಆದುದರಿಂದ ಆಜ್ಞೆಯೆಂಬುದಕ್ಕಿಂತ ಸಂದೇಶವೆಂಬ ಶಬ್ದವೇ ಯುಕ್ತ. ಕೇಳುವವನಿಲ್ಲದೆ ಸಂದೇಶವಿಲ್ಲವೆಂಬುದು ಅದರಲ್ಲಿಯೇ ಅಡಗಿದೆ. ಲೆಪ್ಟಿನ್ ಎಂಬ ಹೆಸರೂ ಎಚ್ಚರಿಕೆಯನ್ನು ಕಲಿಸುತ್ತದೆ. ಕೃಶವೆಂಬರ್ಥದ ಗ್ರೀಕ್ ಶಬ್ದದಿಂದ ಬಂದ ಆ ಹೆಸರಿನ ಪದಾರ್ಥವು ಸ್ಥೂಲರ ರಕ್ತದಲ್ಲಿಯೇ ಹೇರಳವಾಗಿರುತ್ತದೆ. ಹೆಸರನ್ನು ನೋಡಿ ಪದಾರ್ಥವನ್ನು ನಿರ್ಣಯಿಸುವವರಿಗೆ ಪಶ್ಚಿಮದ ಶಾಸ್ತ್ರದಲ್ಲಿಯೂ ಮೋಸವುಂಟು.

ಚರಕನು ಹೈಪೊಥಾಲಮಸ್ಸನ್ನು ಕಂಡವನಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಸ್ಥೂಲನ ಹಸಿವನ್ನು ಅವನ ದೋಷವೆನ್ನದೆ ಅವನ ದುಃಖವೆಂದು ಎಣಿಸಿದನು. ಬೀಜದ ಪಾಲನ್ನು ಬೀಜಕ್ಕೆ ಬಿಟ್ಟನು. ಅವನನ್ನು ಗೌರವಿಸಬೇಕೆನ್ನುವವರು ಅವನ ಬಾಯಲ್ಲಿ ಇಲ್ಲದ ಮಾತನ್ನು ಹಾಕುವುದನ್ನು ಬಿಟ್ಟು, ಇರುವ ಈ ಎರಡು ಮಾತುಗಳನ್ನು ಓದುವುದು ಲೇಸು. ಶಾಸ್ತ್ರದ ಕೀರ್ತಿಯೂ ರೋಗಿಯ ಮಾನವೂ ಅದರಿಂದಲೇ ಉಳಿಯುತ್ತವೆ.